ಗೆದ್ದಲಿನ ಕರುಳು, ಕಾಡಿನ ಮಣ್ಣು

ಚಾಮರಾಜನಗರ, ಗುಂಡ್ಲುಪೇಟೆಗಳ ಕಾಡಂಚಿನಲ್ಲಿ ಹುತ್ತಕ್ಕೆ ಹಾಲೆರೆಯುವ ಕೈಗಳೇ ಬದುವಿನ ಹುತ್ತಕ್ಕೆ ಕೀಟನಾಶಕ ಸುರಿಯುವುದೂ ಉಂಟು.

ಗೆದ್ದಲು ಮರದ ನಾರನ್ನು ಒಂಟಿಯಾಗಿ ಪೂರ್ತಿ ಅರಗಿಸಿಕೊಳ್ಳಲಾರದು. ಒಣಮರದೊಳಗೇ ಬಾಳುವ ಜಾತಿಗಳ ಕರುಳಿನಲ್ಲಿ ಏಕಕೋಶದ ಪ್ರೋಟೋಜೋವಾಗಳು ಆ ನಾರನ್ನು ಒಡೆಯುತ್ತವೆ. ಹುತ್ತ ಕಟ್ಟುವ ಓಡಾಂಟೋಟರ್ಮಿಸ್ ಗೆದ್ದಲಿನಲ್ಲಿ ಅವು ಇಲ್ಲ; ಅದು ಹುತ್ತದೊಳಗೆ ಶಿಲೀಂಧ್ರದ ತೋಟ ಬೆಳೆಸುತ್ತದೆ, ಉಳಿದ ಕೆಲಸ ಕರುಳಿನ ಬ್ಯಾಕ್ಟೀರಿಯಾಗಳದು. ಮಳೆ ಬಿದ್ದಾಗ ಹುತ್ತದ ಮೇಲೇಳುವ ಅಣಬೆ ಆ ತೋಟದ್ದೇ.

2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಕಂಡಂತೆ, ತರಗೆಲೆಯನ್ನು ಬೆಂಕಿ ತಿಂದರೆ ಉಳಿಯುವುದು ಬೂದಿ. ಗೆದ್ದಲು ತಿಂದರೆ ಮಣ್ಣು. ಬೆಳೆಗೆ ಗೆದ್ದಲು ಹತ್ತಿದಾಗ ರೈತರ ಆತಂಕ ಸಹಜ. ಆದರೆ ಬೆಳೆಯ ಗೊಡವೆಗೆ ಬಾರದ ಹುತ್ತಕ್ಕೆ ವಿಷವೇಕೆ? ಹಾಲೆರೆಯದಿದ್ದರೂ ಚಿಂತೆಯಿಲ್ಲ, ವಿಷವೆರೆಯದಿದ್ದರೆ ಸಾಕು.