ಹಡಗಿನವರ ಮಂಗಳೂರು, ಹತ್ತಿಯವರ ಕುಮಟೆ

'ದೇಶ ಸುತ್ತು, ಕೋಶ ಓದು' ಎಂಬ ಮಾತಿಲ್ಲದ ಪ್ರವಾಸಲೇಖನ ನಮ್ಮ ಕಾಲೇಜಿನ ಸಂಚಿಕೆಗಳಲ್ಲಿ ಹುಡುಕಿದರೂ ದೊರೆಯದು. ದೇಶ ಸುತ್ತುವದಕ್ಕೆ ಈಗ ಹೊಸದೊಂದು ವಾಹನ ಬಂದಿದೆ. ಅದು ವಿಹಾರದ ಹಡಗು. ನಮ್ಮ ಸೋದರಮಾವ ಮುಂಬಯಿಯಲ್ಲಿ ಅಂಥದೊಂದನ್ನೇರಿ ಗೋವೆ, ಕೊಚ್ಚಿ ನೋಡಿ ಬಂದರು. ಊರಿಗೆ ಬಂದು ಮೂರು ದಿನ ಹಡಗಿನ ಊಟ, ಈಜುಕೊಳ, ರಾತ್ರಿಯ ಹಾಡುಕುಣಿತಗಳನ್ನು ವರ್ಣಿಸಿದರು. "ಕೊಚ್ಚಿ ಹ್ಯಾಂಗಿತ್ತರೀ ಮಾಮಾ?" ಎಂದು ಕೇಳಿದರೆ, "ಭಾಳ ಶೆಕಿ ಇತ್ತು ನೋಡವಾ" ಎಂದು ಹೇಳಿ ಮತ್ತೆ ಊಟದ ಮಾತಿಗೆ ಬಂದರು.

ನಮ್ಮ ನಾಡಿನ ನವಮಂಗಳೂರು ಬಂದರಿಗೂ ಮಳೆಗಾಲ ಕಳೆದ ಮೇಲೆ ವಿದೇಶದ ಇಂಥ ಹಡಗುಗಳು ಬರುತ್ತವೆ. ಬೆಳಿಗ್ಗೆ ಇಳಿದವರನ್ನು ಬಸ್ಸುಗಳಲ್ಲಿ ಕೂಡ್ರಿಸಿ ಮೂಡಬಿದಿರೆಯ ಸಾವಿರ ಕಂಬದ ಬಸದಿ, ಸೇಂಟ್ ಅಲೋಶಿಯಸ್ ಚರ್ಚಿನ ಗೋಡೆಚಿತ್ರಗಳು, ಕುದ್ರೋಳಿಯ ಗುಡಿ, ಒಂದು ಗೇರುಬೀಜದ ಕಾರಖಾನೆ, ಇಷ್ಟನ್ನು ತೋರಿಸಿ ಸಂಜೆಯೊಳಗೆ ಹಡಗಿಗೆ ಮುಟ್ಟಿಸುತ್ತಾರೆ. ಇವೆಲ್ಲ ನೋಡತಕ್ಕವೇ. 1430ರಲ್ಲಿ ಕಟ್ಟಿದ ಆ ಬಸದಿಯನ್ನು ಅರ್ಧ ತಾಸು ನೋಡಿದರೂ ಕಣ್ಣಿಗೆ ಲಾಭವೇ. ಸುಖಪಡುವವರ ಮೇಲೆ ನನ್ನ ಸಿಟ್ಟಿಲ್ಲ.

ನನ್ನ ತಕರಾರು ಬೇರೆ. ಹಡಗಿನ ಪ್ರವಾಸದಲ್ಲಿ ಯಾವ ಊರು ನೋಡಬೇಕೆಂಬದನ್ನು ಇತಿಹಾಸ ನಿರ್ಣಯಿಸುವದಿಲ್ಲ, ನೀರಿನ ಆಳ ನಿರ್ಣಯಿಸುತ್ತದೆ. ನಮ್ಮ ಕರಾವಳಿಯ ನಿಜವಾದ ಹಳೆಯ ಬಂದರುಗಳು ಹೊಳೆಗಳ ಬಾಯಿಯಲ್ಲಿ, ಕಿರಿದಾದ ಅಳಿವೆಗಳಲ್ಲಿ ಹುಟ್ಟಿದವು. ಮಚವೆ, ಪತ್ತೇಮಾರಿಗಳಿಗೆ ಅಷ್ಟು ನೀರು ಸಾಕಾಗುತ್ತಿತ್ತು. ಹತ್ತು ಅಂತಸ್ತಿನ ಹಡಗು ಅಲ್ಲಿ ಹೊಗುವದುಂಟೆ? ಹೀಗಾಗಿ ವಿಜಯನಗರಕ್ಕೆ ಅರಬಸ್ತಾನದ ಕುದುರೆಗಳನ್ನು ಇಳಿಸಿಕೊಟ್ಟ ಭಟ್ಕಳ ಈ ಪಟ್ಟಿಯಲ್ಲಿಲ್ಲ. ಪೋರ್ತುಗೀಜರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯ ಗೇರುಸೊಪ್ಪೆ ಇಲ್ಲ. ಶರಾವತಿಯ ಬಾಯಿಯ ಹೊನ್ನಾವರವೂ ಇಲ್ಲ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ ಬತೂತ ಅಲ್ಲಿ ಹುಡುಗರ ಶಾಲೆ 23, ಹುಡುಗಿಯರ ಶಾಲೆ 13 ಕಂಡೆನೆಂದು ಬರೆದಿಟ್ಟಿದ್ದಾನೆ. ಈ ಎರಡನೆಯ ಅಂಕಿಯನ್ನು ನಮ್ಮ ವಿದ್ಯಾರ್ಥಿನಿಯರ ಕೋಣೆಯ ಬಾಗಿಲಿಗೆ ಬರೆದು ಹಚ್ಚಬೇಕೆಂದಿದ್ದೇನೆ.

ಇವೆಲ್ಲಕ್ಕಿಂತ ನಮಗೆ ಹತ್ತಿರದ ಊರು ಕುಮಟೆ. ನವಲಗುಂದ, ಅಣ್ಣಿಗೇರಿಗಳ ಎರಿಹೊಲಕ್ಕೂ ಸಮುದ್ರಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ಹತ್ತಿ ಚಕ್ಕಡಿಗಳ ಮೇಲೆ ಘಟ್ಟ ಇಳಿದು ಕುಮಟೆಗೆ ಹೋಗುತ್ತಿತ್ತು. ಅಲ್ಲಿಂದ ಸಮುದ್ರದ ಮೇಲೆ ಮುಂಬಯಿಗೆ, ಮುಂಬಯಿಯಿಂದ ಇಂಗ್ಲಂಡಿನ ಗಿರಣಿಗಳಿಗೆ. ಪೇಟೆಯಲ್ಲಿ ನಮ್ಮ ನಾಡಹತ್ತಿಗೆ ಬಿದ್ದ ಹೆಸರೇ 'ಕುಮಟಾ'. ಬೆಳೆದ ಊರಿನ ಹೆಸರಲ್ಲ, ದೋಣಿಯೇರಿದ ಊರಿನ ಹೆಸರು! ಎತ್ತುಗಳ ಕಾಲು ಸವೆದದ್ದು ಮಾತ್ರ ನಮ್ಮವರದು. 1861ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧ ಹೊತ್ತಿ ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ಧಾರಣಿ ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಕೂಡಿಸಿದರಲ್ಲ, ಅದರ ಹಿಂದೆ ಕಾರವಾರವನ್ನು ಹತ್ತಿಯ ಬಂದರು ಮಾಡುವ ಲೆಕ್ಕವೂ ಇತ್ತು. ರವೀಂದ್ರನಾಥ ಠಾಕೂರರು ಕಾರವಾರದಲ್ಲಿದ್ದು ನಾಟಕ ಬರೆದ ಸಂಗತಿ ನಮಗೆಲ್ಲ ಗೊತ್ತು. ನಮ್ಮ ಹತ್ತಿಯ ಸಂಗತಿ ಎಷ್ಟು ಜನಕ್ಕೆ ಗೊತ್ತು?

ಮುಂದೆ 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂತು, ಮರ್ಮಗೋವೆಯವರೆಗೆ ಹಳಿ ಕೂಡಿತು. ಚಕ್ಕಡಿಗಳು ಘಟ್ಟ ಇಳಿಯುವದು ಕಡಿಮೆಯಾಯಿತು, ಕುಮಟೆಯ ವ್ಯಾಪಾರ ಕುಗ್ಗಿತು. ಸೋಜಿಗವೆಂದರೆ, 1990ರ ದಶಕದಲ್ಲಿ ಮಂಜೂರಾದ ಹುಬ್ಬಳ್ಳಿ-ಅಂಕೋಲೆ ರೈಲಿಗಾಗಿ ನಮ್ಮವರು ವರ್ಷಾನುವರ್ಷ ಕಾಯ್ದರು. ದಾರಿಯಲ್ಲಿ ಘಟ್ಟದ ಕಾಡಿದೆ. ಕಾಡು ಕಡಿಯಬಾರದೆನ್ನುವವರ ಮಾತಿನಲ್ಲಿ ಹುರುಳಿದೆಯೆಂದೇ ನನ್ನ ಮತ. ಆದರೆ ಅವರೂ ನಾವೂ ಒಮ್ಮೆ ಆ ದಾರಿಯಲ್ಲಿ ಹೋಗಿ ಮಾತಾಡಿದರೆ ಮೇಲು.

ಆದ್ದರಿಂದ ನನ್ನ ಸೂಚನೆ ಇಷ್ಟು: ಈ ವರ್ಷದ ಶೈಕ್ಷಣಿಕ ಪ್ರವಾಸ ಮತ್ತೆ ಮೈಸೂರಿಗೆ ಬೇಡ, ಕುಮಟೆಗೆ ಆಗಲಿ. ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅರಬೈಲ ಘಟ್ಟ, ಅಂಕೋಲೆ. ನಸುಕಿನಲ್ಲಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಕುಮಟೆ. ಸಮೀಪದಲ್ಲೇ ಮಿರ್ಜಾನ ಕೋಟೆ, ಸಾಣಿಕಟ್ಟೆಯ ಉಪ್ಪಿನ ಆಗರ. "ಅಲ್ಲಿ ನೋಡೂದು ಏನದ?" ಎಂದು ಗುರುಗಳೊಬ್ಬರು ಕೇಳಿದರು. ಗುರುಗಳ ಕ್ಷಮೆ ಕೋರಿ ಹೇಳುವದಾದರೆ, ಪಠ್ಯಪುಸ್ತಕದಲ್ಲಿ ಲಂಕಾಶಾಯರದ ಗಿರಣಿಗಳನ್ನು ಬಾಯಿಪಾಠ ಮಾಡುವ ನಮ್ಮ ವರ್ಗದಲ್ಲಿ ಹತ್ತಿ ಬಿಡಿಸಿ ಬೆರಳು ಗೀರಿಸಿಕೊಂಡವರೇ ಬಹಳ. ಆ ಹತ್ತಿ ದೋಣಿಯೇರಿದ ನೀರಿನ ದಂಡೆಯಲ್ಲಿ ನಿಂತರೆ ಪಾಠ ಒಳಗಿಳಿಯಲಿಕ್ಕಿಲ್ಲವೆ? ಅವರಲ್ಲಿ ಎಷ್ಟೋ ಜನ ಇನ್ನೂ ಸಮುದ್ರವನ್ನೇ ಕಂಡಿಲ್ಲ.

ಇನ್ನು ಹಣ. ದೂರದ ಪ್ರವಾಸದ ಪಟ್ಟಿ ಬಂದಾಗಲೆಲ್ಲ ಹೆಸರು ಕೊಡದೆ ಸುಮ್ಮನೆ ಕೂಡುವವರು ಯಾರೆಂಬದು ವರ್ಗಕ್ಕೆಲ್ಲ ಗೊತ್ತು. ಎರಡು ದಿನದ ಈ ಪ್ರವಾಸಕ್ಕೆ ಅವರೂ ಬರಬಲ್ಲರು. ಹೆಣ್ಣುಮಕ್ಕಳನ್ನು ರಾತ್ರಿ ಹೊರಗೆ ಕಳಿಸುವದು ಹೇಗೆಂಬ ಪ್ರಶ್ನೆ ನಮ್ಮ ಮನೆಯಲ್ಲೂ ಎದ್ದಿತು. ಇಬ್ಬರು ಅಧ್ಯಾಪಕಿಯರು ಜೊತೆಗೆ ಬರುವದಾದರೆ ಕಳಿಸುತ್ತೇನೆಂದು ಅವ್ವ ಒಪ್ಪಿದ್ದಾಳೆ. ಉಳಿದವರ ಮನೆಗೂ ನಾನೇ ಹೋಗಿ ಹೇಳಲು ಸಿದ್ಧಳಿದ್ದೇನೆ. ದಿನ ಮಾತ್ರ ಡಿಸೆಂಬರದಲ್ಲೇ ಗೊತ್ತುಮಾಡಬೇಕು. ಜನವರಿ ದಾಟಿತೆಂದರೆ ಹತ್ತಿ ಬಿಡಿಸುವದಿರುತ್ತದೆ, ನಮ್ಮಲ್ಲಿ ಅರ್ಧ ಜನ ಹೊಲದಲ್ಲಿರುತ್ತೇವೆ.