ಕಚೇರಿಗೆ ವೇಳೆ ಬದಲು, ಮೈದಾನಕ್ಕೇಕಿಲ್ಲ?

ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದಲ್ಲಿ ಹಾಗೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ. ಬಿಸಿಲಿನ ಝಳದಿಂದ ನೌಕರರನ್ನು ಕಾಪಾಡುವ ಈ ಆದೇಶದ ಪ್ರಯೋಜನವನ್ನು ಸೇವಾವಧಿಯಲ್ಲಿ ನಾನೂ ಪಡೆದಿದ್ದೇನೆ. ಅದು ಸರಿಯಾದ ಆದೇಶವೇ. ಆದರೆ ಸೂರಿನಡಿ ಕುಳಿತು ಕಡತ ನೋಡುವವರಿಗೆ ದೊರೆಯುವ ಈ ರಕ್ಷಣೆ, ಅದೇ ಊರಿನ ಬಯಲಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಬೌಲಿಂಗ್ ಮಾಡುವ ಹದಿನಾಲ್ಕರ ಹುಡುಗನಿಗೆ ಏಕಿಲ್ಲ ಎಂಬ ಪ್ರಶ್ನೆಯನ್ನು ಆಡಳಿತ ಕೇಳಿಕೊಂಡಂತಿಲ್ಲ.

ನಮ್ಮ ಶಾಲಾ ವೇಳಾಪಟ್ಟಿ ಮಕ್ಕಳಿಗೆ ಆಟದ ಬಿಡುವು ಕೊಡುವುದು ಬಿಸಿಲು ಅತ್ಯಂತ ತೀವ್ರವಾಗಿರುವ ತಿಂಗಳುಗಳಲ್ಲೇ. ಬೇಸಿಗೆ ಶಿಬಿರ, ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿ, ಊರ ಜಾತ್ರೆಯ ಕಬಡ್ಡಿ ಎಲ್ಲಕ್ಕೂ ಅದೇ ಕಾಲ. ಬೆಂಗಳೂರು ತಂಪಿನ ಊರೆಂಬ ನೆಮ್ಮದಿಯನ್ನೂ ಪೂರ್ತಿ ನಂಬುವಂತಿಲ್ಲ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು.

ಈ ಅಂಕಿಯೂ ಪೂರ್ಣ ಸತ್ಯವನ್ನು ಹೇಳುವುದಿಲ್ಲ. ಹವಾಮಾನ ಇಲಾಖೆ ಉಷ್ಣಾಂಶವನ್ನು ಅಳೆಯುವುದು ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ. ಆಟಗಾರನ ನೆತ್ತಿಯ ಬಿಸಿಲು, ಕಾಲಡಿಯ ನೆಲದ ಕಾವು ಅದರಲ್ಲಿ ಸೇರಿಲ್ಲ. ದೇಹ ತಂಪಾಗುವುದು ಬೆವರು ಸುರಿಯುವುದರಿಂದಲ್ಲ, ಅದು ಆರುವುದರಿಂದ. ಆದ್ದರಿಂದ ಮಂಗಳೂರಿನ ಸೆಕೆಯಲ್ಲಿ 35 ಡಿಗ್ರಿಯೂ ಅಪಾಯಕಾರಿಯಾಗಬಲ್ಲದು. ಇದನ್ನು ಗಮನಿಸಿಯೇ 1950ರ ದಶಕದಲ್ಲಿ ಅಮೆರಿಕದ ಸೇನಾ ತರಬೇತಿಗಾಗಿ ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್ ಎಂಬ ಮಾಪನ ರೂಪುಗೊಂಡಿತು. ಬಯಲಿನಲ್ಲಿ ಇದನ್ನು ಲೆಕ್ಕಹಾಕುವಾಗ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ ಶೇ 70, ಬಿಸಿಲನ್ನು ಹೀರುವ ಕಪ್ಪು ಗೋಳಕ್ಕೆ ಶೇ 20, ಗಾಳಿಯ ಉಷ್ಣಾಂಶಕ್ಕೆ ಕೇವಲ ಶೇ 10ರಷ್ಟು ತೂಕ. 2014ರ ಬ್ರೆಜಿಲ್ ವಿಶ್ವಕಪ್ ಫುಟ್‌ಬಾಲಿನಲ್ಲಿ ಈ ಮಾಪನ 32 ಡಿಗ್ರಿ ದಾಟಿದರೆ ಆಟ ನಿಲ್ಲಿಸಿ ನೀರು ಕೊಡುವ ನಿಯಮವಿತ್ತು. 2022ರ ಕತಾರ್ ವಿಶ್ವಕಪ್ಪನ್ನಂತೂ ನವೆಂಬರ್–ಡಿಸೆಂಬರಿಗೆ ಮುಂದೂಡಲಾಯಿತು. ಕೋಟ್ಯಧಿಪತಿ ಆಟಗಾರರಿಗೆ ಕ್ಯಾಲೆಂಡರೇ ಬದಲಾಗುತ್ತದೆ. ಹೋಬಳಿ ಮಟ್ಟದ ಆಟಗಾರನಿಗೆ ಒಂದು ಗಂಟೆಯೂ ಬದಲಾಗುವುದಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇದರಲ್ಲಿ ಅಜ್ಞಾನಕ್ಕಿಂತ ಹೆಚ್ಚಾಗಿ ಬೆಲೆಯ ಕೈವಾಡ ಕಾಣುತ್ತದೆ. ನಗರದಲ್ಲಿ ಮೈದಾನ ದುರ್ಲಭ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುವ ಟರ್ಫ್‌ಗಳಲ್ಲಿ ಸಂಜೆಗೆ ಬೇಡಿಕೆ ಹೆಚ್ಚು, ದರವೂ ಹೆಚ್ಚು; ನಡುಹಗಲಿಗೆ ರಿಯಾಯಿತಿ. ಕೈಯಲ್ಲಿ ಹಣ ಕಡಿಮೆ ಇರುವ ಕಾಲೇಜು ಹುಡುಗರು ಸಹಜವಾಗಿಯೇ ನಡುಹಗಲನ್ನು ಕೊಳ್ಳುತ್ತಾರೆ. ಅದರ ಕೃತಕ ಹುಲ್ಲು ಬಿಸಿಲಿನಲ್ಲಿ ನಿಜವಾದ ಹುಲ್ಲಿಗಿಂತ ಬಹಳ ಹೆಚ್ಚು ಕಾಯುತ್ತದೆ. ಟೂರ್ನಿ ನಡೆಸುವವರ ಲೆಕ್ಕವೂ ಇದೇ: ಶಾಮಿಯಾನ, ಮೈಕ್, ಮೈದಾನದ ಬಾಡಿಗೆ ಉಳಿಸಲು ಹತ್ತಾರು ಪಂದ್ಯಗಳನ್ನು ಎರಡೇ ದಿನಗಳಲ್ಲಿ ಮುಗಿಸಬೇಕು. ಉಳಿತಾಯ ಸಂಘಟಕರದು, ಅಪಾಯ ಆಟಗಾರನದು. ಇಂಥಲ್ಲಿಯೇ ಸರ್ಕಾರದ ಪ್ರವೇಶ ಅಗತ್ಯವಾಗುತ್ತದೆ.

ಆದರೆ ಸರ್ಕಾರಗಳು ಎಚ್ಚರಗೊಳ್ಳುವುದು ಸಾವಿನ ನಂತರ. 2024ರಲ್ಲಿ ಜಾರ್ಖಂಡ್‌ನ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯ ಓಟದ ಪರೀಕ್ಷೆಯಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಪ್ರಾಣ ಕಳೆದುಕೊಂಡರು. ಕಾರಣಗಳ ಬಗ್ಗೆ ವಾದವಿವಾದ ನಡೆದವು. ಬೆಳಿಗ್ಗೆ 9ರ ನಂತರ ಓಡಿಸಬಾರದೆಂಬ ಸೂಚನೆ ಹೊರಟಿದ್ದು ಆ ಬಳಿಕ.

ಮಾಡಬೇಕಾದದ್ದು ದುಬಾರಿಯೂ ಅಲ್ಲ, ಕಷ್ಟವೂ ಅಲ್ಲ. ಸರ್ಕಾರಿ ಶಾಲೆ, ಕಾಲೇಜು, ಜಿಲ್ಲಾ ಕ್ರೀಡಾಂಗಣಗಳಲ್ಲಿ ಬೇಸಿಗೆಯ ಪಂದ್ಯಗಳಿಗೆ ಅನುಮತಿ ನೀಡುವಾಗ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಆಟವಿಲ್ಲವೆಂಬ ಷರತ್ತು ಹಾಕಬಹುದು. ಪಂದ್ಯಗಳ ಸಂಖ್ಯೆ ಕುಗ್ಗಿ ಖರ್ಚು ಏರುತ್ತದೆಂಬ ಆಕ್ಷೇಪ ಬರುತ್ತದೆ. ಅದಕ್ಕೆ ಉತ್ತರ, ಇದೇ ಮೈದಾನಗಳನ್ನು ಮುಂಜಾನೆ 6ಕ್ಕೆ ತೆರೆದು, ಬೇಸಿಗೆಯ ಮಟ್ಟಿಗೆ ಬಾಡಿಗೆ ಇಳಿಸುವುದು. ನೆರಳು, ಕುಡಿಯುವ ನೀರು, ಮಂಜುಗಡ್ಡೆ ಇಲ್ಲದ ಕಡೆ ಅನುಮತಿಯೇ ಇರಬಾರದು.

ತರಬೇತುದಾರರಿಗೂ ಪಾಲಕರಿಗೂ ಕೆಲವು ವಿಷಯಗಳು ತಿಳಿದಿರಬೇಕು. ದೇಹ ಬಿಸಿಲಿಗೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಪರೀಕ್ಷೆಗೆಂದು ತಿಂಗಳುಗಟ್ಟಲೆ ಮನೆಯೊಳಗಿದ್ದ ಮಗುವನ್ನು ಶಿಬಿರದ ಮೊದಲ ದಿನವೇ ದಣಿಸುವುದು ಅಪಾಯ. ಬೆವರಿನೊಡನೆ ಉಪ್ಪೂ ಹೋಗುವುದರಿಂದ ದೀರ್ಘ ಆಟದಲ್ಲಿ ಬರೀ ನೀರು ಸಾಲದು. ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಪಾನಕ ಬೇಕು. ಆಡುತ್ತಿದ್ದವನು ತಡವರಿಸಿದರೆ, ಅಸಂಬದ್ಧವಾಗಿ ಮಾತನಾಡಿದರೆ, ಕುಸಿದರೆ ಅದನ್ನು ಸುಸ್ತೆಂದು ತಳ್ಳಿಹಾಕಬಾರದು. ದೇಹದೊಳಗಿನ ಉಷ್ಣಾಂಶ 40 ಡಿಗ್ರಿ ದಾಟಿರುವ ಸೂಚನೆ ಅದು. ಬೆವರುತ್ತಿದ್ದಾನೆಂಬ ಕಾರಣಕ್ಕೆ ಅಪಾಯವಿಲ್ಲವೆಂದು ತಿಳಿಯುವುದೂ ತಪ್ಪು. ಶ್ರಮದಿಂದ ಬರುವ ಉಷ್ಣಾಘಾತದಲ್ಲಿ ಬೆವರು ನಿಲ್ಲದಿರಬಹುದು. ಆಂಬುಲೆನ್ಸಿಗಾಗಿ 108ಕ್ಕೆ ಕರೆ ಮಾಡಿ, ಅದು ಬರುವವರೆಗೆ ಕಾಯದೆ ತಣ್ಣೀರು, ಮಂಜುಗಡ್ಡೆಯಿಂದ ಇಡೀ ಮೈಯನ್ನು ತಂಪುಮಾಡಲು ತೊಡಗಬೇಕು. ಅರೆಪ್ರಜ್ಞೆಯಲ್ಲಿರುವವನ ಬಾಯಿಗೆ ನೀರು ಹಾಕಬಾರದು. ಇಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿದೆ.

ಕಚೇರಿ ವೇಳೆ ಬದಲಿಸುವ ಆದೇಶ ಒಂದು ಹಾಳೆಯಲ್ಲಿ ಮುಗಿಯುತ್ತದೆ. ಅದೇ ಕಡತದಲ್ಲಿ ಮೈದಾನದ ವೇಳೆಯನ್ನೂ ಸೇರಿಸಿ ಹೊರಡಿಸಲು ಇನ್ನೊಂದು ಹಾಳೆ ಸಾಕು. ಅದಕ್ಕೆ ಯಾವುದೇ ಅನುದಾನದ ಅಗತ್ಯವಿಲ್ಲ, ಹೊಸ ಕಾಯ್ದೆಯೂ ಬೇಕಿಲ್ಲ.