ಮನೆಮಾತು: ಎರಡು ಕರೆಗಳ ನಡುವೆ

ಕಳೆದ ಮಾರ್ಚ್ ತಿಂಗಳ ಒಂದು ಭಾನುವಾರ ತಂಗಿಯ ಮಗಳು ಮಾಟುಂಗದ ನಮ್ಮ ಮನೆಗೆ ಮುಖ ಬಾಡಿಸಿಕೊಂಡು ಬಂದಳು. ಅಮೆರಿಕೆಯ ಎರಡು ವಿಶ್ವವಿದ್ಯಾಲಯಗಳು ಅವಳನ್ನು ಪಿಎಚ್.ಡಿ.ಗೆ ಕರೆದಿದ್ದವು. ಒಂದರಲ್ಲಿ ಶುಲ್ಕ ಮಾಫಿ, ಐದು ವರ್ಷ ಸಹಾಯವೇತನ. ಆದರೆ ಅವಳ ವಿಷಯಕ್ಕೆ ತಕ್ಕ ಗುರುಗಳಿಲ್ಲ. ಇನ್ನೊಂದರಲ್ಲಿ ಅವಳು ಬಯಸಿದ ಗುರುಗಳೇ ಇದ್ದರು. ಮೊದಲ ವರ್ಷ ಬಿಡಿಗಾಸಿಲ್ಲ.

"ಅಪ್ಪ ಊರಿನ ತೋಟ ಮಾರುತ್ತೇನೆ ಅನ್ನುತ್ತಾರೆ, ದೊಡ್ಡಮ್ಮ!"

"ತೋಟ ಅಲ್ಲೇ ಇರಲಿ ಮಗು, ಮೊದಲು ಎರಡು ಕಾಗದ ಬರೆ" ಎಂದೆ.

ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಸಹಿ ಹಾಕಿರುವ ಒಪ್ಪಂದದಂತೆ, ಧನಸಹಾಯದ ಕರೆಗೆ ಏಪ್ರಿಲ್ 15ಕ್ಕೆ ಮುಂಚೆ ಉತ್ತರ ಕೊಡಲೇಬೇಕೆಂಬ ಬಲವಂತವಿಲ್ಲ. ಹಾಗಾಗಿ ಕೇಳುವುದಕ್ಕೆ ವ್ಯವಧಾನವಿತ್ತು. ವಿಷಯಕ್ಕೆ ಹತ್ತಿರದವರು ಯಾರಾದರೂ ಇದ್ದಾರೆಯೆ ಎಂದು ಮೊದಲನೆಯವರನ್ನು ಕೇಳಿದಳು. ಪಾಠ ಹೇಳುವ ಕೆಲಸ ಕೊಟ್ಟು ಶುಲ್ಕ ಬಿಡುವಿರಾ, ಮುಂದಿನ ವರ್ಷಗಳ ವೇತನವನ್ನು ಬರೆದುಕೊಡುವಿರಾ ಎಂದು ಎರಡನೆಯವರನ್ನು ಕೇಳಿದಳು. ವೀಸಾಕ್ಕೆ ಮೊದಲ ವರ್ಷದ ಖರ್ಚಿನ ಹಣ ತೋರಿಸಲೇಬೇಕಲ್ಲ!

ಎರಡನೆಯವರು "ಆಗಬಹುದು" ಎಂದರೇ ಹೊರತು ಬರೆದುಕೊಡಲಿಲ್ಲ. ಮೊದಲನೆಯ ಕಡೆಯ ಅಧ್ಯಾಪಕಿಯೊಬ್ಬರು, "ನಿಮ್ಮ ವಿಷಯಕ್ಕೆ ನನ್ನದು ನೆರೆಮನೆಯದೇ, ಬನ್ನಿ" ಎಂದು ಉತ್ತರಿಸಿದರು. ಹುಡುಗಿ ಅಲ್ಲಿಗೇ ಹೊರಟಳು.

ಹಣ ನೋಡಿ ಮನಸ್ಸನ್ನು ಕೊಲ್ಲಿರೆಂದು ನಾನು ಹೇಳುತ್ತಿಲ್ಲ. ಬೇಡದ ವಿಷಯದಲ್ಲಿ ಐದು ವರ್ಷ ಕಳೆಯುವುದೂ ಒಂದು ಸಾಲವೇ. ಆದರೆ ಗುರುಗಳು ಬೇರೆ ಊರಿಗೆ ಹೋಗಿಬಿಡಬಹುದು. ಮಾರಿದ ತೋಟ ಮರಳಿ ಬರುವುದಿಲ್ಲ. ಕಣ್ಣೀರು ಹಾಕುವ ಮುನ್ನ ಬಾಯಿಬಿಟ್ಟು ಕೇಳಿದರೆ ಅರ್ಧ ಗಂಟು ಬಿಚ್ಚೀತು, ಅಲ್ಲವೆ?